ಮನೆಯಲ್ಲಿ ಆಡುವ ಭಾಷೆ

ಮಗಳನ್ನು ಅಮೆರಿಕದ ಸೆರಿಟೋಸ್‌ನ ಶಾಲೆಗೆ ಸೇರಿಸುವಾಗ ತುಂಬಿದ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ‘ಇಂಗ್ಲಿಷ್’ ಎಂದು ಬರೆದೆ. ಕನ್ನಡ ಎಂದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ, ಬೇರೆ ಕೂರಿಸಿ ಪಾಠ ಮಾಡುತ್ತಾರೆ ಎಂದು ಪರಿಚಯದ ಆಂಟಿಯೊಬ್ಬರು ಹೆದರಿಸಿದ್ದರು. ವಿಚಾರಿಸಿ ನೋಡುವ ತಾಳ್ಮೆ ನನಗೆಲ್ಲಿತ್ತು? ಮಗಳಿಗೂ ಹೇಳಿಟ್ಟೆ: “ಯಾರಾದ್ರೂ ಕೇಳಿದ್ರೆ ಇಂಗ್ಲಿಷ್ ಅಂತ ಹೇಳು, ಆಯ್ತಾ?”

ಅವಳು ಐದನೇ ಕ್ಲಾಸಿಗೆ ಬಂದ 2020ರಲ್ಲಿ ಕೊರೋನಾದಿಂದ ಶಾಲೆಯೇ ಲ್ಯಾಪ್‌ಟಾಪಿನಲ್ಲಿ ನಮ್ಮ ಊಟದ ಮೇಜಿಗೆ ಬಂತು. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ಅವರಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಅಡುಗೆಮನೆಯಿಂದ “ರೊಟ್ಟಿ ಆರತಾವ, ಬಾರವಾ” ಎಂದು ಕೂಗಿದರೆ ಸಾಕು, ನಾನು ಓಡಿಹೋಗಿ ಲ್ಯಾಪ್‌ಟಾಪ್ ಮ್ಯೂಟ್ ಮಾಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಏನೂ ಅನ್ನುವ ಮೊದಲೇ ದಿನಕ್ಕೆ ಹತ್ತು ಸಲ ಮುಟ್ಟಿಕೊಳ್ಳುತ್ತಿದ್ದೆ.

ಕ್ಲಾಸಿನ ಪ್ರಾಜೆಕ್ಟಿಗೆ ಮಗಳಿಗೆ ಅಲಾಸ್ಕಾದ ಉತ್ತರ ತುದಿ ಸಿಕ್ಕಿತು. ಸದ್ಯ, ಸುಲಭದ್ದು ಎಂದುಕೊಂಡೆ. ನಾನು ಓದಿದ ಪಠ್ಯಪುಸ್ತಕದಲ್ಲಿ ಆ ಕಡೆಯ ಜನರೆಂದರೆ ಒಂದು ಹಿಮದ ಮನೆಯ ಚಿತ್ರ, ಅಷ್ಟೇ. ಅವಳು ಓದಿದ್ದು ಬೇರೆ. ತಿಮಿಂಗಿಲ ಸಿಕ್ಕಿದರೆ ಊರಿಗೆಲ್ಲ ಹಂಚಿ ತಿನ್ನುವ ಇನ್ಯೂಪಿಯಾಟ್ ಜನ. ಮನೆಮಾತು ಆಡಿದ್ದಕ್ಕೆ ಶಾಲೆಯಲ್ಲಿ ಪೆಟ್ಟು ತಿಂದ, ಬಾಯಿಗೆ ಸೋಪು ಹಾಕಿಸಿಕೊಂಡ ಅವರ ಮಕ್ಕಳು. ಆ ಮಕ್ಕಳೇ ದೊಡ್ಡವರಾದ ಮೇಲೆ, ತಮ್ಮ ಮಕ್ಕಳಿಗೆ ಆ ಪಾಡು ಬೇಡವೆಂದು ಎಷ್ಟೋ ಮಂದಿ ಇಂಗ್ಲಿಷನ್ನಷ್ಟೇ ಕಲಿಸಿದರು. ಹಾಗಾಗಿ ಅಜ್ಜಿಯ ಮಾತು ಮೊಮ್ಮಕ್ಕಳಿಗೆ ತಿಳಿಯದಾಯಿತು.

ಇದನ್ನೆಲ್ಲ ಅವಳು ಕ್ಲಾಸಿಗೆ ಹೇಳುವಾಗ ನಾನು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲೇ ಕೂತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಟೀಚರ್ ಬಹಳ ಚೆನ್ನಾಗಿತ್ತೆಂದು ಹೊಗಳಿ, ಅಕ್ಕರೆಯಿಂದಲೇ ಕೇಳಿದರು: ನಿಮ್ಮ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?

ನನ್ನ ಕೈ ತಾನಾಗಿ ಮ್ಯೂಟ್ ಬಟನ್ನಿನ ಕಡೆ ಹೋಯಿತು. ಮಗಳು ಆ ಕೈ ನೋಡಿದಳು, ನನ್ನ ಮುಖ ನೋಡಿದಳು.

“ಜಸ್ಟ್ ಇಂಗ್ಲಿಷ್,” ಎಂದಳು.

ಬಾಗಿಲಿನಿಂದ ಅತ್ತೆಯ ದನಿ ಬಂತು. “ಏನ್ ಕೇಳಿದ್ರವಾ ಟೀಚರು? ನಮ್ಮ ಕೂಸು ಏನಂತು?”

ಮೈಕ್ ಆನ್ ಇತ್ತು. ನಾಚಿಕೆಯಿಂದ ನನಗೆ ಅತ್ತೆಯ ಕಡೆ ತಿರುಗಲಾಗಲಿಲ್ಲ. ಮಗಳೇ ಮ್ಯೂಟ್ ಒತ್ತಿ, ನನ್ನ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದಳು.

“ಸರಿಯಾಗಿ ಹೇಳಿದ್ನಾ ಅಮ್ಮ?”