ಖಾಲಿ ಹೊಟ್ಟೆಯಲ್ಲಿ ಬಾ ಅಂದರೆ

ಜಮಖಂಡಿಯ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಹಲವು ವರ್ಷ ನರ್ಸ್ ಆಗಿದ್ದೆ. ವಾರಕ್ಕೆ ಎರಡು ದಿನ ಬೆಳಿಗ್ಗೆ ಅಲ್ಲಿ ಎಂಡೋಸ್ಕೋಪಿ ಇರುತ್ತಿತ್ತು. ಬಾಯಿಯಿಂದ ತೆಳ್ಳನೆಯ ಕೊಳವೆ ಇಳಿಸಿ ಅನ್ನನಾಳವನ್ನೂ ಹೊಟ್ಟೆಯನ್ನೂ ಪರದೆಯ ಮೇಲೆ ನೋಡುವ ತಪಾಸಣೆ ಅದು. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಒಬ್ಬೊಬ್ಬರಿಗೂ ಹಿಂದಿನ ದಿನವೇ ಹೇಳುವುದು ನನ್ನ ಕೆಲಸ. ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು. ಬನಹಟ್ಟಿಯ ನೇಕಾರನೊಬ್ಬ "ಏನೂ ತಿಂದಿಲ್ರೀ ಸಿಸ್ಟರ್" ಎಂದು ಆಣೆ ಮಾಡಿ ಮಲಗಿದ್ದ. ಕೊಳವೆ ಇಳಿದರೆ ಒಳಗೆ ಚುರುಮುರಿ ತೇಲುತ್ತಿತ್ತು. ಹೊಟ್ಟೆಯಲ್ಲಿ ತುತ್ತು ಇದ್ದರೆ ಡಾಕ್ಟರಿಗೆ ಏನೂ ಕಾಣುವುದಿಲ್ಲ. ವಾಂತಿಯಾಗಿ ಅದು ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಕುತ್ತು. ಇಂಥವರನ್ನು ಬೈದು ಬೈದು ನಾನು ಜೋರಿನ ಸಿಸ್ಟರ್ ಎಂದು ಹೆಸರು ಮಾಡಿದ್ದೆ. ಆದರೆ ನನ್ನ ಹೆತ್ತವ್ವನಷ್ಟು ನನ್ನನ್ನು ಯಾರೂ ದಣಿಸಲಿಲ್ಲ.

ಅವ್ವ ಬೀಳಗಿ ತಾಲ್ಲೂಕಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಸಿಕ್ಕ ಜಾಗದಲ್ಲಿ ಅಣ್ಣ ಕಟ್ಟಿಸಿದ ಮನೆ ಅದು. ಮುಂದೆ ಪಡಸಾಲೆ, ಬದಿಗೆ ಅವ್ವನ ಕೋಣೆ, ಹಿಂದೆ ಅಡುಗೆಮನೆ, ಹಿತ್ತಲಿನ ಕಟ್ಟಕಡೆಗೆ ಪಾಯಖಾನೆ.

ಒಂದು ದಿನ ಅಣ್ಣ ಫೋನ್ ಮಾಡಿದ. "ಅವ್ವಗ ರೊಟ್ಟಿ ನುಂಗಿದ್ರ ಎದಿ ನಡುವ ಚುಚ್ಚತೈತಂತ. ನೀರು ಕುಡಿದ್ರೂ ಉರಿ ಅಂತಾಳ."

ಎದೆ ಅಂದ ಕೂಡಲೇ ಎಲ್ಲರಿಗೂ ಹೃದಯದ ಭಯ. ಅಣ್ಣ ಅವಳನ್ನು ಬೀಳಗಿಗೆ ಕರೆದೊಯ್ದು ಇಸಿಜಿ ತೆಗೆಸಿದ. ಸರಿಯಾಗಿತ್ತು. ಆಮೇಲೆ ಗ್ಯಾಸ್ ಅಂದರು. ಅಜವಾನ, ಸೋಡಾ, ನಿಂಬೆಹಣ್ಣು ಎಲ್ಲ ಆಯಿತು. ಹುಣ್ಣಿನ ಮೇಲೆ ನಿಂಬೆರಸ ಬಿದ್ದರೆ ಏನಾಗಬೇಕೋ ಅದೇ ಆಯಿತು, ಆದರೆ ಹುಣ್ಣಿದೆ ಎಂದು ಆಗ ಯಾರಿಗೆ ಗೊತ್ತು! ಓಣಿಯ ಹೆಂಗಸೊಬ್ಬಳು ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಆ ಘಾಟಿಗೆ ಕೆಮ್ಮಿ ಕೆಮ್ಮಿ ಅವ್ವನ ಎದೆ ಇನ್ನಷ್ಟು ನೊಂದಿತು. ಕೊನೆಗೆ ನಾನೇ ನಮ್ಮ ಡಾಕ್ಟರ ಹತ್ತಿರ ಎಂಡೋಸ್ಕೋಪಿಗೆ ದಿನ ಗೊತ್ತು ಮಾಡಿದೆ. ಖಾಲಿ ಹೊಟ್ಟೆ ಅಂದರೆ ಏನೆಂದು ಫೋನಿನಲ್ಲಿ ಮೂರು ಸಲ ಹೇಳಿದೆ. "ತಿಳೀತು ಬಿಡವಾ, ನನಗೇನು ಹುಚ್ಚ ಹಿಡದೈತೇನು?" ಅಂದಳು.

ಆ ದಿನ ಬಂದಳು. ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆಯುವ ಮುಂಚೆ ಅಭ್ಯಾಸದಂತೆ ಕೇಳಿದೆ.

"ಅವ್ವಾ, ಮುಂಜಾನಿಂದ ಏನರ ತಿಂದಿ ಏನು?"

"ಏನೂ ತಿಂದಿಲ್ಲ. ಚಾ ಅಷ್ಟ ಕುಡದೇನಿ."

"ಬರೇ ಚಾ?"

"ಚಾದಾಗ ಎರಡು ಟೋಸ್ಟ್ ಅದ್ದಿದ್ದೆ. ಅವು ಕರಗಿ ಹ್ವಾದ್ವು. ಅದೇನು ತಿಂದಂಗ ಆತೇನು?"

ಡಾಕ್ಟರು ಕೈಗವಸು ಹಾಕಿಕೊಂಡು ನಿಂತಿದ್ದರು. ನನ್ನ ಮುಖ ನೋಡಿದರು. ಕೈಗವಸು ತೆಗೆದು ಮುಂದಿನ ರೋಗಿಯನ್ನು ಕರೆಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ಸಲ ಚಾ ಇಲ್ಲ, ಟೋಸ್ಟ್ ಇಲ್ಲ. ಹಣೆಯ ತುಂಬ ಭಂಡಾರದ ಅರಿಶಿನಪುಡಿ ಬಳಿದುಕೊಂಡು ಬಂದಳು. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಬೀರೇಶ್ವರನ ಗುಡಿಗೆ ಹೋಗಿ ಬಂದ ಹೆಣ್ಣುಮಗಳಂತೆ. ಹಣೆಗೆ ಭಂಡಾರ ಹಚ್ಚಿ, ಒಣಕೊಬ್ಬರಿ, ಒಂದು ತುಂಡು ಹೋಳಿಗೆ ಕೊಟ್ಟಳಂತೆ.

"ತಿಂದ್ಯಾ?"

"ಪ್ರಸಾದ ಬ್ಯಾಡ ಅನ್ನಾಕ ಬರತೈತೇನು? ಅದು ಊಟ ಅಲ್ಲ ಬಿಡು."

"ನಿನ್ನ ಹೊಟ್ಟಿಗೆ ಯಾವುದು ಪ್ರಸಾದ, ಯಾವುದು ಊಟ ಅಂತ ತಿಳಿತೈತೇನು ಬೇ?" ಎಂದು ನಾನು ಕಿರುಚಿದೆ. ಹೊರಗೆ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಇಷ್ಟು ದಿನ ಅವರಿಗೆ ಶಿಸ್ತು ಹೇಳಿದವಳು ನಾನು. ನಾಚಿಕೆಯಿಂದ ಸತ್ತಂತಾಯಿತು.

ಮೂರನೆಯ ಸಲ ನಾನೇ ಹಿಂದಿನ ದಿನ ಬಸ್ಸು ಹತ್ತಿ ಹೋಗಿ ಅವಳನ್ನು ಜಮಖಂಡಿಯ ನನ್ನ ಮನೆಗೆ ಕರೆತಂದೆ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಎದುರಿಗೆ ನಿಂತಿದ್ದೆ. "ಕಳ್ಳರನ್ನ ಕಾದಂಗ ಕಾಯಾಕತ್ತಿಯಲ್ಲ" ಎಂದು ಗೊಣಗಿದಳು. ಹೌದು ಅಂದೆ.

ಕೊಳವೆ ಇಳಿಯಿತು. ಎಡಮಗ್ಗುಲಾಗಿ ಮಲಗಿದ್ದ ಅವ್ವ ನನ್ನ ಕೈ ಹಿಡಿದಿದ್ದಳು. ಅನ್ನನಾಳವೆಂದರೆ ಒಂದು ಗೇಣಿಗಿಂತ ತುಸು ಉದ್ದದ ಮೆತ್ತನೆಯ ನಳಿಗೆ. ತುತ್ತು ಅದರಲ್ಲಿ ಬಾವಿಗೆ ಬಿದ್ದ ಕಲ್ಲಿನಂತೆ ಬೀಳುವುದಿಲ್ಲ. ಮೇಲಿನಿಂದ ಕೆಳಕ್ಕೆ ಸ್ನಾಯುಗಳು ಹಿಂಡಿ ಹಿಂಡಿ ದೂಡಬೇಕು. ತುದಿಯಲ್ಲಿ ಬಾಗಿಲಿನಂಥ ಬಿಗಿ ಇದೆ; ಅದು ಸಡಿಲವಾದರೆ ಹೊಟ್ಟೆಯ ಹುಳಿ ಮೇಲೆ ಉಕ್ಕಿ ಎದೆಯುರಿ ಬರುತ್ತದೆ. ನಮ್ಮಲ್ಲಿ ಬರುವ ಹತ್ತರಲ್ಲಿ ಏಳೆಂಟು ಜನರದ್ದು ಅದೇ ತೊಂದರೆ. ಅವ್ವನದ್ದೂ ಅದೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಆದರೆ ಆ ಬಾಗಿಲು ಗಟ್ಟಿಯಾಗಿಯೇ ಇತ್ತು. ಹುಣ್ಣು ಇದ್ದದ್ದು ನಳಿಗೆಯ ನಟ್ಟನಡುವೆ. ಎರಡು, ಎದುರುಬದುರು, ಒಂದರ ಮುಖ ಒಂದು ನೋಡುವಂತೆ. ನನಗೆ ಕ್ಯಾನ್ಸರ್ ಎಂಬ ಮಾತು ಮನಸ್ಸಿಗೆ ಬಂತು. ಡಾಕ್ಟರು ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಇಟ್ಟರು. ಆದರೆ ಅವರ ಮುಖದಲ್ಲಿ ಗಾಬರಿ ಇರಲಿಲ್ಲ.

ಅವ್ವ ಎದ್ದು ಕೂತು ಸುಧಾರಿಸಿಕೊಂಡ ಮೇಲೆ ಅವರು ಕೇಳಿದರು. "ಅವ್ವಾರ, ಯಾವುದಾದ್ರೂ ಗುಳಿಗಿ ತಗೋತೀರೇನ್ರೀ?"

"ಮೊಣಕಾಲ ನೋವಿಂದು ಐತ್ರಿ. ನನ್ನ ಮಗಳ ಕಳಸತಾಳ."

"ಹೆಂಗ ತಗೋತೀರಿ?"

"ಉಂಡು ಮಲಗೂಮುಂದ ಬಾಯಾಗ ಹಾಕ್ಕೊಂಡು ನುಂಗತೇನ್ರಿ."

"ನೀರು?"

ಅವ್ವ ನನ್ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನೀರು ಕುಡಿದ್ರ ನಡುರಾತ್ರಿ ಏಳಬೇಕಾಗತೈತ್ರಿ. ಪಾಯಖಾನಿ ಹಿತ್ತಲದಾಗ ಐತಿ. ಈ ಕಾಲು ತಗೊಂಡು ಅಲ್ಲೀಮಟ ಹೆಂಗ ಹೋಗ್ಲಿ? ಅದಕ್ಕ ಉಗುಳಿನ್ಯಾಗ ನುಂಗತೇನ್ರಿ."

ಡಾಕ್ಟರು ತಲೆಯಾಡಿಸಿದರು. ಒಣ ಗುಳಿಗೆ ನುಂಗಿ ಕೂಡಲೇ ಮಲಗಿದರೆ ಅದು ಹೊಟ್ಟೆ ಮುಟ್ಟುವುದೇ ಇಲ್ಲ, ನಡುದಾರಿಯಲ್ಲಿ ಅಂಟಿಕೊಂಡು ಅಲ್ಲೇ ಕರಗಿ ಗೋಡೆಯನ್ನು ಸುಡುತ್ತದೆ ಎಂದು ಅವಳಿಗೆ ತಿಳಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳಿದ್ದಿಲ್ಲೇನು ಸಿಸ್ಟರ್?" ಅಂದರು.

ನಾನು ಹೇಳಿರಲಿಲ್ಲ. ಉಂಡ ಮೇಲೆ ಒಂದು, ಅಷ್ಟೇ ಹೇಳಿದ್ದೆ. ಗುಳಿಗೆಗೆ ನೀರು ಬೇಕೆನ್ನುವುದನ್ನು ಯಾರಿಗಾದರೂ ಹೇಳಬೇಕಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಕಾಲಿಗೆಂದು ನಾನೇ ಕಳಿಸಿದ ಗುಳಿಗೆ ಅವಳ ಎದೆ ಸುಟ್ಟಿತ್ತು. ಅವಳ ಮೇಲಿನ ಸಿಟ್ಟೆಲ್ಲ ನನ್ನ ಕಡೆಗೇ ತಿರುಗಿತು. ಮನೆಗೆ ಹೋಗುವ ದಾರಿಯಲ್ಲಿ, "ಏಳಾಕ ಆಗೂದಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇನು?" ಎಂದು ಕೇಳಿದೆ.

"ಪಾಯಖಾನಿ ಮಾತು ಮಗನ ಮುಂದ ಹೆಂಗ ಆಡ್ಲಿ?" ಅಂದಳು. "ನೀನಂತೂ ಫೋನಿನ್ಯಾಗ ಕೇಳೂದಕಿಂತ ಹೇಳೂದ ಭಾಳ."

ಚೂರಿನ ವರದಿಯಲ್ಲಿ ಕೆಟ್ಟದ್ದೇನೂ ಬರಲಿಲ್ಲ. ಆ ಗುಳಿಗೆ ನಿಲ್ಲಿಸಿ, ಹುಣ್ಣು ಮಾಯುವ ಔಷಧಿ ಕೊಟ್ಟು, ಕೆಲವು ವಾರ ಗಂಜಿ, ಮೆತ್ತನೆಯ ಅನ್ನ ಉಣಿಸಿದ ಮೇಲೆ ಅವ್ವ ಮತ್ತೆ ರೊಟ್ಟಿ ನುಂಗಿದಳು. ಅಣ್ಣನಿಗೆ ನಾನೇ ಬಿಡಿಸಿ ಹೇಳಿದೆ. ಅವನು ಅವಳ ಕೋಣೆಗೆ ಹೊಂದಿಕೊಂಡೇ, ಕುರ್ಚಿಯ ಮೇಲಿನಂತೆ ಕೂತು ಏಳುವಂಥ ಪಾಯಖಾನೆ ಕಟ್ಟಿಸಿದ.

ಮುಂದಿನ ಸಲ ನಾನು ಹೋದಾಗ ಅವ್ವ ಕಟ್ಟೆಯ ಮೇಲೆ ಕೂತು ಓಣಿಯ ಮೂವರು ಹೆಂಗಸರಿಗೆ ಪಾಠ ಹೇಳುತ್ತಿದ್ದಳು. "ಗುಳಿಗಿ ನುಂಗಿದ್ರ ತುಂಬಿದ ತಂಬಿಗಿ ನೀರು ಕುಡೀಬೇಕು, ಅರ್ಧ ತಾಸು ಅಡ್ಡ ಆಗಬಾರದು. ಖರೆ ಹೇಳತೇನಿ, ನನ್ನ ಮಗಳು ನರ್ಸ್ ಅದಾಳ, ಆಕಿಗೂ ಇದು ಗೊತ್ತಿದ್ದಿಲ್ಲ."

ಗೊತ್ತಿತ್ತು ಎಂದು ಹೇಳಲು ಬಾಯಿ ತೆರೆದೆ. ಆ ಹೆಂಗಸರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಸುಮ್ಮನೆ ಚೀಲ ಇಳಿಸಿ ಒಳಗೆ ಹೋದೆ.