ಹೊಸ ನೆಲದ ಮೇಲೆ ಬೂಟು

ಕಲ್ಯಾಣದುರ್ಗದ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಬೇಯಿಸುವವಳು ನಾನು. ಮಕ್ಕಳು ಕೋಣೆಯ ನೆಲದ ಮೇಲೇ ಸಾಲಾಗಿ ಕೂತು ಉಣ್ಣುತ್ತಾರೆ. ಉಂಡ ಮೇಲೆ ಒರೆಸುವುದೂ ನನ್ನ ಕೆಲಸವೇ. ಮೊದಲು ಅಲ್ಲಿ ಕಡಪ ಕಲ್ಲು ಹಾಸಿತ್ತು. ಒರಟು ಕರಿ ಕಲ್ಲುಗಳು, ಸಂದಿ ಬಿಟ್ಟಿದ್ದವು. ಅನ್ನದಗುಳು ಸಂದಿಗೆ ಸೇರಿಕೊಂಡು ಇರುವೆ ಮುತ್ತುತ್ತಿದ್ದವು. ಮಂಡಿಯೂರಿ ನಾರಿನಲ್ಲಿ ಉಜ್ಜಬೇಕಿತ್ತು. ಶಾಲೆ ರಿಪೇರಿ ಮಾಡುತ್ತಾರೆ, ನೆಲ ಬದಲಾಯಿಸುತ್ತಾರೆ ಎಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು.

ನಮ್ಮ ದೊಡ್ಡ ಮೇಡಂ ಅವರ ಊರು ಹಿಂದೂಪುರ. ಅಲ್ಲಿನ ಟೈಲ್ಸ್ ಅಂಗಡಿ ಅವರಿಗೆ ಗೊತ್ತಿತ್ತು. ನಾನೂ ಆ ವಾರ ಶಾಲೆಯ ಅಡುಗೆಗೆ ಹುಣಸೆಹಣ್ಣು ತರಲು ಹಿಂದೂಪುರಕ್ಕೆ ಹೊರಟಿದ್ದೆ. "ಅಂಗಡಿಗೂ ಬನ್ನಿ ಅಜ್ಜಿ, ಒರೆಸೋರು ನೀವು ತಾನೆ" ಎಂದರು.

ಅಂಗಡಿಯವನು ಎರಡು ಬಗೆ ತೆಗೆದಿಟ್ಟ. ಒಂದು ತರಿತರಿಯಾಗಿತ್ತು. ಇನ್ನೊಂದು ನಮ್ಮ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮೇಡಂ ತರಿಯದನ್ನು ಬೆರಳಲ್ಲಿ ಸವರಿ ನೋಡಿ, "ಇದೇ ಇರಲಿ. ಮಕ್ಕಳು ಜಾರಲ್ಲ. ಆ ಬೂಟಿನ ಮಗು ಬೇರೆ ಇದೆ" ಎಂದರು.

ಆ ಮಗು ಎಂದರೆ ನಾಲ್ಕನೇ ಕ್ಲಾಸಿನ ಹುಡುಗಿ. ಹುಟ್ಟಿದಾಗಿನಿಂದ ಒಂದು ಕಾಲು ಸಣ್ಣ. ಕಬ್ಬಿಣದ ಕಡ್ಡಿ ಕಟ್ಟಿದ ಬೂಟು ಹಾಕಿಕೊಂಡು ನಡೆಯುತ್ತಾಳೆ.

ನಾನು ಅಂಗಡಿಯವನ ಬಾಟಲಿಯಿಂದ ಎರಡರ ಮೇಲೂ ನೀರು ಹುಯ್ದು ಸೆರಗಲ್ಲಿ ಒರೆಸಿದೆ. ಹೊಳಪಿನದು ಒಂದೇ ಸಲಕ್ಕೆ ಒಣಗಿತು. ತರಿಯದು ಸೆರಗು ಹಿಡಿಯಿತು.

"ನೋಡ್ರಿ ಮೇಡಮ್ಮೋರೆ, ಸಾರು ಚೆಲ್ಲಿದ್ರೆ ಇದ್ರೊಳಗೆ ಕುಂತ್ಬುಡ್ತೈತೆ. ಅವಳೊಬ್ಳಿಗೋಸ್ಕರ ನಾನು ದಿನಾ ಮಂಡಿ ಸವೆಸ್ಲಾ?"

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಮಾತನ್ನು ಮೇಡಂ ಕೇಳಬೇಕಾಗಿರಲಿಲ್ಲ. ಕೇಳಿದರು. ಮೊದಲ ಕೋಣೆಗೆ ಹೊಳಪಿನದನ್ನೇ ಕೊಂಡೆವು.

ಶಾಲೆಗೆ ರಜೆ ಕೊಡಲಿಲ್ಲ. ಒಂದೊಂದೇ ಕೋಣೆ ಬಿಡಿಸಿ ನೆಲ ಹಾಕಿದರು. ಆ ಕೋಣೆಯ ಮಕ್ಕಳು ಪಡಸಾಲೆಯಲ್ಲೋ ಬೇವಿನ ಮರದ ಕೆಳಗೋ ಕೂತು ಓದಿದರು. ಟೈಲ್ಸ್ ಕೊಯ್ಯುವ ಮಿಷಿನ್ ಸದ್ದಿಗೆ ಮಗ್ಗಿ ಹೇಳುವವರ ಬಾಯಿ ಮಾತ್ರ ಆಡುತ್ತಿತ್ತು. ಬಿಳಿ ಧೂಳು ಬಂದು ನನ್ನ ಸಾರಿನ ಮೇಲೆ ಕೆನೆಯ ಹಾಗೆ ಕೂತಿತು. ಮೇಸ್ತ್ರಿಯನ್ನು ಬೈದೆ. ಅವನು ತೆಲುಗಿನವನು, "ಪರವಾಲೇದು ಅವ್ವಾ, ಏನೂ ಆಗಲ್ಲ, ಉಪ್ಪು ಕಡಿಮೆ ಹಾಕು" ಎಂದು ನಕ್ಕ. ಮಾರನೆಯ ದಿನದಿಂದ ತಪ್ಪಲೆಗಳಿಗೆ ಒದ್ದೆ ಬಟ್ಟೆ ಕಟ್ಟಿದೆ.

ಅವನು ಹಳೇ ಕಲ್ಲು ಕೀಳುವಾಗ ಬಹಳಷ್ಟು ಒಡೆದುಹೋದವು. ಒಡೆಯದೆ ಉಳಿದಿದ್ದನ್ನು ನಾನು ಕೇಳಿ ಮನೆಗೆ ಒಯ್ದು ಬಚ್ಚಲ ಮುಂದೆ ಹಾಸಿಕೊಂಡೆ.

ಮೊದಲ ಕೋಣೆ, ನಾಲ್ಕನೇ ಕ್ಲಾಸಿನದು, ಮುಗಿದ ದಿನ ಬೆಳಿಗ್ಗೆ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟೆ, ತೆಂಗಿನಕಾಯಿ ಒಡೆದೆ. ಮನೆಯಲ್ಲಾದರೂ ಹೊಸ ನೆಲಕ್ಕೆ ಹಾಗೆ ಮಾಡುತ್ತೇವಲ್ಲ. ಕಾಯಿನೀರು ಚೆಲ್ಲಿದ್ದನ್ನು ಒರೆಸಿದೆ. ನೆಲ ಇನ್ನೂ ಒದ್ದೆಯಾಗಿತ್ತು. ಮೇಡಂ ಮೀಟಿಂಗಿಗೆ ಹೋಗಿದ್ದರು. ಬಾಗಿಲಲ್ಲಿ ನಿಂತು ಎಲ್ಲ ಮಕ್ಕಳಿಗೂ ಚಪ್ಪಲಿ ಹೊರಗೆ ಬಿಡಿಸಿದೆ. ಕೊನೆಗೆ ಆ ಹುಡುಗಿ ಬಂದಳು.

"ಬಿಚ್ಚೇ" ಎಂದೆ.

"ಇದು ಬಿಚ್ಚಲ್ಲ ಅಜ್ಜಿ."

"ಪೂಜೆ ಮಾಡಿದ ನೆಲದ ಮ್ಯಾಲೆ ಬೂಟು ಹಾಕ್ತಾರೇನೇ? ಬಿಚ್ಚು, ಗೋಡೆ ಹಿಡ್ಕೊಂಡು ಬಾ."

ಕಡಪ ಕಲ್ಲಿನ ಮೇಲೆ ಅದೇ ಬೂಟಿನಲ್ಲಿ ನಾಲ್ಕನೇ ಕ್ಲಾಸಿನವರೆಗೂ ನಡೆದಿದ್ದಳು. ಆಗ ನಾನು ಬಾಯಿ ತೆರೆದಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಕೂತು ಪಟ್ಟಿ ಬಿಚ್ಚಿದಳು. ಹೊಸ್ತಿಲು ದಾಟಿ ಗೋಡೆಗೆ ಕೈ ಚಾಚಿದಳು. ಕೈಗೆ ಗೋಡೆ ಸಿಗುವ ಮೊದಲೇ ಕಾಲು ಜಾರಿತು. ಮಣಿಕಟ್ಟಿನ ಮೂಳೆ ಮುರಿಯಿತು. ಅವಳು ಅಳಲಿಲ್ಲ. ಬೂಟು ಎಲ್ಲಿ ಎಂದು ಕೇಳಿದಳು.

ಕಟ್ಟು ಹಾಕಿಸಿ ಬಂದ ಮೇಲೆ ಅವರ ಮನೆಗೆ ಹೋದೆ. ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಮಿಷಿನ್ ನಿಲ್ಲಿಸದೆಯೇ ಮಾತಾಡಿದಳು.

"ಬೇರೆ ಯಾರಾನ ಬಿಚ್ಚು ಅಂದಿದ್ರೆ ಬಿಚ್ತಿರ್ಲಿಲ್ಲ ಕಣಮ್ಮ. ದಿನಾ ಅನ್ನ ಇಕ್ಕೋ ಅಜ್ಜಿ ಅಂತ ನಿನ್ ಮಾತು ಕೇಳವ್ಳೆ."

"ನಂದೇ ತಪ್ಪು."

"ತಪ್ಪು ತಗೊಂಡು ಏನ್ ಮಾಡ್ಲಿ? ಆ ಕನ್ನಡಿ ಮ್ಯಾಲೆ ನಾನು ಕಳ್ಸಲ್ಲ. ಮನೇಲೇ ಗುಂಡಿ ಹೊಲೀತಾಳೆ ಬಿಡು."

ಹುಡುಗಿ ಒಳಗಿನಿಂದ ನೋಡುತ್ತಿದ್ದಳು. ನಾನು ಒಯ್ದಿದ್ದ ಕಡಲೆಕಾಯಿ ಚಿಕ್ಕಿ ತೆಗೆದುಕೊಳ್ಳಲಿಲ್ಲ.

ಮೇಡಂ ನನ್ನನ್ನು ಬೈದು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಚಾಪೆ ಹಾಸಿ ನೋಡಿದರು, ಚಾಪೆಯೇ ಜಾರಿತು. ಬಾಗಿಲಿಂದ ಅವಳು ಕೂರುವ ಜಾಗದವರೆಗೆ ಒಂದು ಸಾಲು ಟೈಲ್ಸ್ ಒಡೆದು ಹಳೇ ಕಲ್ಲು ಹಾಕಿದರೆ ಹೇಗೆ ಎಂದು ಮೇಸ್ತ್ರಿಯನ್ನು ಕೇಳಿದರು.

"ಹಾಕಬೋದು. ಕಲ್ಲೆಲ್ಲಿ ಮೇಡಂ? ಉಳಿದ ಕೋಣೆವು ಕಿತ್ರೆ ಪುಡಿಯಾಗ್ತವೆ. ಒಳ್ಳೇವೆಲ್ಲ ಅವ್ವನ ಬಚ್ಚಲಲ್ಲಿ ಅವೆ" ಎಂದ.

ಅವತ್ತೇ ಸಂಜೆ ಹಾರೆ ಹಿಡಿದು ನಾನೇ ಎಬ್ಬಿಸಿದೆ. ಸಿಮೆಂಟ್ ಹಾಕಿರಲಿಲ್ಲ, ಮಣ್ಣಲ್ಲಿ ಕೂರಿಸಿದ್ದೆ. ಬಚ್ಚಲ ಮುಂದೆ ಕೆಸರಾಯಿತು. ಕಲ್ಲು ಹೇರುವಾಗ ಆಟೋದವನು, "ಏನಜ್ಜಿ, ಮನೆ ಕಿತ್ಕೊಂಡು ಎಲ್ಲಿಗೆ ಹೊಂಟ್ಬುಟ್ಟೆ?" ಎಂದ.

"ಸ್ಕೂಲಿಗೆ. ಓದು ಬಿಟ್ಟಿದ್ನಲ್ಲ, ಮುಂದುವರ್ಸಾಕೆ. ಸುಮ್ನೆ ಎತ್ತೋ."

ಮೇಸ್ತ್ರಿ ಕಲ್ಲು ಕೂರಿಸಿದ. ಬಿಳಿ ನೆಲದ ನಡುವೆ ಆ ಕರಿ ಪಟ್ಟಿ ಹೊಲಿಗೆ ಹಾಕಿದ ಗಾಯದ ಹಾಗೆ ಕಾಣುತ್ತದೆ. ಉಳಿದ ಕೋಣೆಗಳಿಗೆ ಮೇಡಂ ತರಿಯ ಟೈಲ್ಸನ್ನೇ ತರಿಸಿದರು. ಈ ಸಲ ನನ್ನನ್ನು ಕರೆಯಲಿಲ್ಲ. ಕರೆಯದಿದ್ದುದೇ ಸರಿ. ಅವನ್ನೆಲ್ಲ ಮಂಡಿಯೂರಿಯೇ ಉಜ್ಜುತ್ತೇನೆ.

ತಾಯಿ ಬಂದು ಕರಿ ಪಟ್ಟಿಯ ಮೇಲೆ ನೀರು ಹಾಕಿಸಿ, ತಾನೇ ನಡೆದು ನೋಡಿದಳು. ನನ್ನ ಕಡೆ ತಿರುಗಲಿಲ್ಲ. ಮಾರನೆಯ ದಿನ ಮಗಳನ್ನು ಕಳಿಸಿದಳು.

ಈಗ ಕೈ ಕೂಡಿದೆ. ದಿನಾ ಬರುತ್ತಾಳೆ, ನನ್ನ ಕೈಯಲ್ಲೇ ಉಣ್ಣುತ್ತಾಳೆ. ಬೇರೆ ಮಕ್ಕಳು ಓಡಿ ಒಳಗೆ ಹೋಗುತ್ತವೆ. ಅವಳು ಮಾತ್ರ ಹೊಸ್ತಿಲ ಹತ್ತಿರ ನಿಂತು ಬೂಟಿನ ಪಟ್ಟಿಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ.

"ಅಜ್ಜಿ, ಬೂಟು ಬಿಚ್ಲಾ?"

"ಬ್ಯಾಡ ಕಣವ್ವ, ಹಾಕ್ಕೊಂಡೇ ಹೋಗು" ಎನ್ನುತ್ತೇನೆ. ನಿನ್ನೆಯೂ ಅದನ್ನೇ ಹೇಳಿದ್ದೆ. ಇವತ್ತೂ ನಿಂತು ಕೇಳಿದಳು.