ಹೋಗದವರಿಗೊಂದು ಸೆಂಡಾಫ್

ಕಳೆದ ವಾರ ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಭರ್ಜರಿ ಸೆಂಡಾಫ್ ಕೊಟ್ಟೆವು. ಹಾರ, ಶಾಲು, ಮಂಡಕ್ಕಿ-ಮೆಣಸಿನಕಾಯಿ, ಭಾಷಣ, ಕಣ್ಣೀರು ಎಲ್ಲ ಆಯಿತು. ಒಂದೇ ತೊಂದರೆ. ಆ ಮನುಷ್ಯ ಕೆಲಸ ಬಿಟ್ಟಿರಲಿಲ್ಲ.

ನಗಬೇಡಿ. ನಮ್ಮ ಕಂಪನಿಯಲ್ಲಿ ನೀವಿದ್ದರೂ ಇದೇ ತಪ್ಪು ಮಾಡುತ್ತಿದ್ದಿರಿ. (ಯಾವ ಕಂಪನಿ ಅಂತ ಮಾತ್ರ ಕೇಳಬೇಡಿ. ಹರಿಹರದ ಹತ್ತಿರ, ಗುತ್ತೂರಿನ ಕಡೆ ಅಂತ ಇಟ್ಟುಕೊಳ್ಳಿ. ನಾನಿನ್ನೂ ಅಲ್ಲೇ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿದ್ದೇನೆ.) ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು ಹಿಡಿಯುತ್ತೇನಲ್ಲ, ಅದರ ಕಂಡಕ್ಟರ್ ನನಗೆ ಚೆನ್ನಾಗಿ ಪರಿಚಯ. ಆಫೀಸಿನಲ್ಲಿ ನನ್ನೆದುರು ಕೂರುವವರು ಪರಿಚಯವಿಲ್ಲ. ಹೆಸರು ಕಲಿಯುವಷ್ಟರಲ್ಲಿ ಕುರ್ಚಿ ಖಾಲಿಯಾಗಿರುತ್ತದೆ.

ಯಾಕೆ ಹೋಗುತ್ತಾರೆ? ಇರುವುದಕ್ಕೆ ಏನಿದೆ ಹೇಳಿ? ಬೆಳಿಗ್ಗೆ ಒಂದು ಆರ್ಡರ್, ಮಧ್ಯಾಹ್ನ ಅದಕ್ಕೆ ತದ್ವಿರುದ್ಧ ಇನ್ನೊಂದು, ಸಂಜೆಗೆ ಎರಡನ್ನೂ ಯಾಕೆ ಮಾಡಿಲ್ಲ ಅಂತ ಮೆಮೊ. ಕಂಪ್ಯೂಟರ್ ಬರುತ್ತದೆ ಅಂತ ಎಸಿ ರೂಮು ಕಟ್ಟಿಸಿದರು. ಕಂಪ್ಯೂಟರ್ ಬರಲಿಲ್ಲ, ರೂಮಿನಲ್ಲೀಗ ಕೆಟ್ಟ ಫ್ಯಾನುಗಳಿವೆ. ಮಾಡಿದ ಕೆಲಸಕ್ಕೆ 'ಪರವಾಗಿಲ್ಲ' ಅನ್ನುವವರೂ ಇಲ್ಲ. ಈಗಿರುವ ಮ್ಯಾನೇಜರ್ರು ಈ ವರ್ಷದ ಮೂರನೆಯವರು. ಛೇಂಬರಿನ ಬಾಗಿಲ ಮೇಲೆ ಮೊದಲನೆಯವರ ಹೆಸರೇ ಇದೆ. ಬೋರ್ಡು ಬರೆಯುವವನಿಗೂ ಬೇಜಾರಾಗಿರಬೇಕು, ಪಾಪ.

ಹೀಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದಿದೆ. ಬೇರೆ ಕಡೆ ಕೆಲಸ ಸಿಕ್ಕವರು ಪೇಡೆ ಡಬ್ಬಿ ತರುತ್ತಾರೆ. ಅವರು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಮೇಲಿನವರ ಕಿವಿಗೆ ಬಿದ್ದರೆ ಆಗಿಂದಾಗಲೇ ಗೇಟಿನಾಚೆ ಹಾಕುತ್ತಾರೆ, ಅದಕ್ಕೆ. ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿನ ಹಿಂದೆ ಬೇವಿನ ಮರದ ಕೆಳಗೆ ಸೇರುತ್ತೇವೆ. ಶಾಲು ಹೊದಿಸುತ್ತೇವೆ. ಎಲ್ಲರಿಗೂ ಒಂದೇ ಶಾಲು, ಫೋಟೋ ಆದಮೇಲೆ ಮಡಚಿ ವಾಪಸ್ ಕೊಡಬೇಕು. (ಪ್ರತಿಯೊಬ್ಬರಿಗೂ ಹೊಸದು ತರಲು ನಾವೇನು ಜವಳಿ ಅಂಗಡಿ ಇಟ್ಟಿದ್ದೇವಾ?)

ಮದುವೆ, ಮಗು, ಹೊಸ ಮನೆ ಅಂತ ಆಫೀಸಿಗೆ ಸಿಹಿ ತರುವ ಹುಮ್ಮಸ್ಸು ಯಾರಿಗೂ ಉಳಿದಿಲ್ಲ. ಮನೆಯ ಸಂತೋಷ ಮನೆಯಲ್ಲೇ ಇರಲಿ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.

ಹೀಗಿರುವಾಗ ಮಂಗಳವಾರ ಪೇಡೆ ಡಬ್ಬಿ ಹಿಡಿದು ಬಂದವರು ಸ್ಟೋರ್ಸಿನ ದಾದಾಪೀರಣ್ಣ.

ನಮ್ಮಲ್ಲಿ ಎಲ್ಲರಿಗಿಂತ ಹಳಬರು ಅವರು. ಯಾರು ಬರಲಿ, ಯಾರು ಹೋಗಲಿ, ಸ್ಟೋರ್ಸಿನ ಕಿಟಕಿಯಲ್ಲಿ ಆ ಮುಖ ಇದ್ದೇ ಇರುತ್ತಿತ್ತು. ಅವರೂ ಹೊರಟರೆ ಇನ್ನೇನು ಉಳಿಯಿತು? ಮರದ ಕೆಳಗೆ ಅವತ್ತು ನಾವೆಲ್ಲ ಮನಸ್ಸು ಬಿಚ್ಚಿ ಮಾತಾಡಿದೆವು. ನಾನು ಸೇರಿದ ದಿನ ಯಾರೂ ತಿರುಗಿ ನೋಡದಿದ್ದಾಗ ಅವರು ತಮ್ಮ ಡಬ್ಬಿಯ ರೊಟ್ಟಿ ಮುರಿದು ಕೊಟ್ಟಿದ್ದನ್ನು ಹೇಳಿದೆ. ತಮ್ಮ ತಾಯಿ ಆಸ್ಪತ್ರೆಯಲ್ಲಿದ್ದಾಗ ಈ ಅಣ್ಣ ವಾರ್ಡಿನ ಹೊರಗೆ ಬಂದು ಕೂತಿದ್ದರು ಅಂದರು ಟೈಪಿಸ್ಟ್ ಗಿರಿಜಕ್ಕ. ದಾದಾಪೀರಣ್ಣ ತಲೆ ತಗ್ಗಿಸಿ, ಶಾಲಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ಅಗಲಿಕೆಯ ದುಃಖ ಅಂದುಕೊಂಡೆವು. ಕೊನೆಗೆ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಸೈರನ್ ಆಯಿತು. ಎಲ್ಲರೂ ಓಡಿದೆವು.

ಮರುದಿನ ಬೆಳಿಗ್ಗೆ ನೋಡಿದರೆ ಸ್ಟೋರ್ಸಿನ ಕಿಟಕಿಯಲ್ಲಿ ಯಾರೋ ಹೊಸಬರು. ಮ್ಯಾನೇಜರ್ರು ಮಹಡಿಯಿಂದ ಶಾಲು ನೋಡಿದ್ದರಂತೆ. ಯಾರನ್ನೂ ಕೇಳದೆ ಆ ಜಾಗಕ್ಕೆ ಬೇರೆಯವರನ್ನು ತಂದು ಕೂರಿಸಿದ್ದರು. (ನಮ್ಮಲ್ಲಿ ಬೇಗ ಆಗುವ ಕೆಲಸ ಇದೊಂದೇ.) ದಾದಾಪೀರಣ್ಣ ಊಟದ ಡಬ್ಬಿ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ವಾಚ್‌ಮನ್ ಒಳಗೆ ಬಿಟ್ಟಿರಲಿಲ್ಲ.

"ನಾ ಎಲ್ಲಿಗೂ ಹೊಂಟಿಲ್ರಿ. ಮನ್ಯಾಗೆ ಹೆಣ್ಣು ಮಗು ಹುಟ್ಟೈತ್ರಿ. ಅದಕ್ಕೆ ಪೇಡೆ ತಂದಿದ್ದೆ," ಅಂದರು.

ಅವರ ಮದುವೆಯಾಗಿ ಎಷ್ಟೋ ವರ್ಷ ಕಾದು, ಆಸೆಯನ್ನೇ ಬಿಟ್ಟಮೇಲೆ ಹುಟ್ಟಿದ ಮಗು. ಅದರ ಸಂತೋಷ ಹಂಚಲು ಬಂದವರ ಕೆಲಸಕ್ಕೇ ನಾವು ಕಲ್ಲು ಹಾಕಿದ್ದೆವು. ಅದೂ ಪ್ರೀತಿಯಿಂದ!

ವಾಚ್‌ಮನ್ನನ್ನು ಒಪ್ಪಿಸಿ ಅವರನ್ನು ಒಳಗೆ ಕರೆದುಕೊಂಡು ಎಲ್ಲರೂ ಮಹಡಿ ಹತ್ತಿದೆವು. ನಡೆದದ್ದನ್ನು ವಿವರಿಸಿದೆವು. ಜಾಗ ತುಂಬಿ ಆಗಿದೆ, ಏನೂ ಮಾಡಲು ಬರುವುದಿಲ್ಲ ಅಂದರು ಮ್ಯಾನೇಜರ್ರು. ನನಗೆ ಸಿಟ್ಟು ನೆತ್ತಿಗೇರಿತು. ಇವರನ್ನು ತೆಗೆದುಕೊಳ್ಳದಿದ್ದರೆ ನಾವೆಲ್ಲ ಕೆಲಸ ಬಿಡುತ್ತೇವೆ ಅಂದೆ. ಆಗಲಿ, ಬಿಡಿ ಅಂದರು, ತಲೆಯನ್ನೂ ಎತ್ತದೆ. ದಿನಾ ಯಾರಾದರೊಬ್ಬರು ಬಿಟ್ಟುಹೋಗುವ ಕಡೆ ಬಿಡುತ್ತೇವೆ ಅಂದರೆ ಯಾರು ಹೆದರುತ್ತಾರೆ?

ಆಗ ಹಿಂದಿನಿಂದ ಗಿರಿಜಕ್ಕ ಮುಂದೆ ಬಂದರು. ಆ ಛೇಂಬರಿನಲ್ಲಿ ಅವರು ಬಾಯಿ ತೆರೆದದ್ದನ್ನು ನಾನು ಕಂಡೇ ಇರಲಿಲ್ಲ.

"ಸರ್, ಇಲ್ಲಿ ಇರ್ತೀನಿ ಅನ್ನೋರು ಇವರೊಬ್ರೇ ಅದಾರೆ. ಇವರನ್ನೇ ಕಳಿಸ್ತೀರೇನ್ರಿ?"

ಮ್ಯಾನೇಜರ್ರು ಪೆನ್ನು ಕೆಳಗಿಟ್ಟರು. ಆಮೇಲೆ ದಾದಾಪೀರಣ್ಣನ ಕಡೆ ತಿರುಗಿ, ಮಗುವಿಗೆ ಏನು ಹೆಸರಿಟ್ಟಿರಿ ಅಂತ ಕೇಳಿದರು. ಇನ್ನೂ ಇಟ್ಟಿಲ್ಲ ಅಂದರು ಇವರು. ತಮಗೂ ಒಬ್ಬಳು ಮಗಳಿದ್ದಾಳೆ, ನೋಡಿ ಎರಡು ತಿಂಗಳಾಯಿತು ಅಂದರು ಮ್ಯಾನೇಜರ್ರು. ಊರು ಬಿಟ್ಟು ಬಂದು ದಾವಣಗೆರೆಯ ಲಾಡ್ಜಿನಲ್ಲಿ ಒಬ್ಬರೇ ಇದ್ದಾರೆ ಅನ್ನುವುದು ನಮಗೆ ಆಗಲೇ ಗೊತ್ತಾದದ್ದು. ನಾವಾದರೂ ಯಾವತ್ತು ಕೇಳಿದ್ದೆವು?

ದಾದಾಪೀರಣ್ಣ ಮತ್ತೆ ಸ್ಟೋರ್ಸಿಗೆ ಹೋದರು. ಹೊಸಬರು ನನ್ನೆದುರಿನ ಖಾಲಿ ಕುರ್ಚಿಗೆ ಬಂದರು. (ಹೆಸರು ಅವತ್ತೇ ಕೇಳಿಕೊಂಡೆ.)

ಆದರೆ ನನಗೊಂದು ಅನುಮಾನ ಉಳಿದಿತ್ತು. ನಮ್ಮ ಪದ್ಧತಿ ದಾದಾಪೀರಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಸಂಜೆ ಬಸ್‌ಸ್ಟಾಪಿನಲ್ಲಿ ಸಿಕ್ಕಾಗ, ಶಾಲು ಹೊದಿಸಿದ ಕೂಡಲೇ ನಮ್ಮನ್ನು ತಡೆಯಬಾರದಿತ್ತೇ ಅಂತ ಕೇಳಿದೆ.

ದಾದಾಪೀರಣ್ಣ ನಾಚಿಕೊಂಡು ನಕ್ಕರು.

"ಗೊತ್ತಾತು ತಂಗಿ. ಹೇಳ್ಬೇಕು ಅಂತ ಬಾಯಿತನಕ ಬಂದಿತ್ತು. ಆದ್ರೆ ಇಷ್ಟು ವರ್ಷದಾಗೆ ನನ್ನ ಬಗ್ಗೆ ಯಾರೂ ಹಂಗೆ ಮಾತಾಡಿರ್ಲಿಲ್ಲ. ಪೂರ್ತಿ ಕೇಳಿ ಆಮೇಲೆ ಹೇಳಾಣ ಅಂದ್ಕಂಡೆ."

ಕೆಲಸಕ್ಕೇ ಕುತ್ತು ಬಂದರೂ ಬರಲಿ, ನಾಲ್ಕು ಒಳ್ಳೆಯ ಮಾತು ಕೇಳಿಬಿಡೋಣ ಅನ್ನಿಸಬೇಕಾದರೆ, ಒಬ್ಬ ಮನುಷ್ಯ ಎಷ್ಟು ಕಾಲ ಕಾದಿರಬೇಕು?